ಬೆಚ್ಚನೆಯ ಮನೆ, ವೆಚ್ಚದ ಲೆಕ್ಕ

ಬ್ರಿಟನ್ನಿನ ಯಾವುದೇ ಸಾಧಾರಣ ಮನೆಯ ಮುಂಬಾಗಿಲು ದಾಟಿ ಒಳಗೆ ಹೋದರೆ, ಕೋಟುಗಳನ್ನು ತೂಗುಹಾಕಿರುವ ಗೂಟಗಳ ಆಸುಪಾಸಿನಲ್ಲಿ ಗೋಡೆಗೆ ಬಡಿದ ಒಂದು ಪುಟ್ಟ ಪೆಟ್ಟಿಗೆ ಕಣ್ಣಿಗೆ ಬೀಳುತ್ತದೆ. ಅದರ ಮೇಲೆ ಎದ್ದು ಕಾಣುವುದು ಒಂದೇ ಅಂಕಿ. 18, ಇಲ್ಲವೇ 19, ಕೆಲವು ಮನೆಗಳಲ್ಲಿ 21. ಮನೆ ಎಷ್ಟು ಬೆಚ್ಚಗಿರಬೇಕೆಂದು ನಿಗದಿಪಡಿಸುವ ಗುಂಡಿ ಅದು, ಅದೇ ಥರ್ಮೋಸ್ಟಾಟ್. ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಗಂಡ ಹೆಂಡಿರ ನಡುವೆ ಏಳುವ ಕಿರಿಕಿರಿಗಳಲ್ಲಿ ದೊಡ್ಡದೊಂದು ಪಾಲು ಈ ಪೆಟ್ಟಿಗೆಯ ಸುತ್ತಲೇ ಹುಟ್ಟುತ್ತದೆ. ಒಬ್ಬರು ಅದನ್ನು 20ಕ್ಕೆ ಏರಿಸಿ ಸೋಫಾದ ಮೇಲೆ ಕೂರುತ್ತಾರೆ. ಇನ್ನೊಬ್ಬರು ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗಿ ಸದ್ದಿಲ್ಲದೆ 18ಕ್ಕೆ ಇಳಿಸಿ ಬರುತ್ತಾರೆ. ಅರ್ಧ ಗಂಟೆ ಕಳೆದ ಮೇಲೆ ಬಿಸಿನೀರು ಹರಿದು ಕೋಣೆಯನ್ನು ಬೆಚ್ಚಗಾಗಿಸುವ ರೇಡಿಯೇಟರನ್ನು ಮುಟ್ಟಿ ನೋಡಿದವರಿಗೆ ವಿಷಯ ತಿಳಿಯುತ್ತದೆ. "ರೀ, ಮತ್ತೆ ಇಳಿಸಿದ್ರಾ?" ಎಂಬ ಪ್ರಶ್ನೆ ಅಲ್ಲಿನ ಕನ್ನಡದ ಮನೆಗಳಲ್ಲಿ ಹೊಸದೇನಲ್ಲ.

ಕರ್ನಾಟಕದಿಂದ ಹೋದವರಿಗೆ ಈ ತಕರಾರಿನ ಅಭ್ಯಾಸ ಇರುವುದಿಲ್ಲ, ಏಕೆಂದರೆ ನಮ್ಮಲ್ಲಿ ಮನೆಯನ್ನು ಬಿಸಿ ಮಾಡುವ ಪದ್ಧತಿಯೇ ಇಲ್ಲ. ಮಲೆನಾಡಿನಲ್ಲಾಗಲಿ ಕೊಡಗಿನಲ್ಲಾಗಲಿ ಚಳಿಗೆ ಮದ್ದೆಂದರೆ ಬಚ್ಚಲೊಲೆಯ ಮುಂದೆ ಕೂತು ಮೈ ಕಾಯಿಸಿಕೊಳ್ಳುವುದು, ಕಂಬಳಿ ಹೊದೆಯುವುದು, ಕೆಂಡದ ಅಗ್ಗಿಷ್ಟಿಕೆಯನ್ನು ಹತ್ತಿರ ಎಳೆದುಕೊಳ್ಳುವುದು. ಅಲ್ಲಿ ಬೆಚ್ಚಗಾಗುತ್ತಿದ್ದುದು ಮೈಯೇ ಹೊರತು ಮನೆಯಲ್ಲ. ನಮ್ಮ ದಾಂಪತ್ಯದ ಹವಾಮಾನ ವಿವಾದ ನಡೆಯುವುದು ಫ್ಯಾನಿನ ರೆಗ್ಯುಲೇಟರ್ ಹತ್ತಿರ, ಮತ್ತು ಮುಂಜಾನೆ ಯಾರು ಗೀಸರ್ ಆಫ್ ಮಾಡಲು ಮರೆತರು ಎಂಬ ವಿಚಾರಣೆಯಲ್ಲಿ. ಆದರೆ ಫ್ಯಾನನ್ನು ಐದರಲ್ಲಿ ಇಟ್ಟರೂ ಎರಡರಲ್ಲಿ ಇಟ್ಟರೂ ತಿಂಗಳ ಬಿಲ್ಲಿನಲ್ಲಿ ದೊಡ್ಡ ವ್ಯತ್ಯಾಸವಾಗುವುದಿಲ್ಲ. ಬ್ರಿಟನ್ನಿನಲ್ಲಿ ಹಾಗಲ್ಲ. ಅಲ್ಲಿ ಮನೆಯೊಂದು ಬಳಸುವ ಶಕ್ತಿಯ ಬಹುಪಾಲು ಹೋಗುವುದೇ ಕೋಣೆಗಳನ್ನು ಬೆಚ್ಚಗಿಡುವುದಕ್ಕೆ. ಆದ್ದರಿಂದ ಒಂದು ಡಿಗ್ರಿಯ ಮಾತು ಬೇಗನೆ ಹಣದ ಮಾತಾಗುತ್ತದೆ. ಹಣದ ಮಾತು ಅಷ್ಟೇ ಬೇಗ 'ನಿಮಗೆ ನನ್ನ ಚಳಿಗಿಂತ ದುಡ್ಡೇ ಹೆಚ್ಚು' ಎಂಬಲ್ಲಿಗೆ ತಲುಪುತ್ತದೆ.

ಈ ಜಗಳವನ್ನು ಎರಡು ಸ್ವಭಾವಗಳ ಜಗಳವೆಂದು, ಒಬ್ಬರು ಜಿಪುಣರು ಇನ್ನೊಬ್ಬರು ಚಳಿಪುಕ್ಕಲರು ಎಂದು ನಕ್ಕು ಬಿಡುವುದು ರೂಢಿ. ಸೂಕ್ಷ್ಮವಾಗಿ ನೋಡಿದರೆ ಅಲ್ಲಿ ಇಬ್ಬರ ಕೈಯಲ್ಲಿ ಎರಡು ಬೇರೆ ಬೇರೆ ಅಳತೆಗೋಲುಗಳಿರುತ್ತವೆ. ಒಬ್ಬರಿಗೆ ಚಳಿಯೇ ಸಾಕ್ಷಿ, ಇನ್ನೊಬ್ಬರಿಗೆ ಬ್ಯಾಂಕಿನ ಖಾತೆಯಿಂದ ಕಡಿತವಾಗುವ ಮೊತ್ತವೇ ಸಾಕ್ಷಿ. ಈ ಎರಡನ್ನೂ ನಿರ್ಧರಿಸುವ ಮೂರನೆಯ ಕಕ್ಷಿಯಾದ ಮನೆ, ಅಂದರೆ ಅದರ ಗೋಡೆ, ಕಿಟಕಿ, ರೇಡಿಯೇಟರಿಗೆ ನೀರು ಕಾಯಿಸುವ ಬಾಯ್ಲರ್, ಮಾತಾಡುವುದೇ ಇಲ್ಲ. ಮಾತಾಡದ ಕಕ್ಷಿಯ ತಪ್ಪು ಮಾತಾಡುವ ಇಬ್ಬರ ತಲೆಗೆ ಬರುತ್ತದೆ.

ಮೊದಲು ಬೆಲೆಯ ವಿಷಯ. ಬ್ರಿಟನ್ನಿನ ಐದರಲ್ಲಿ ನಾಲ್ಕು ಮನೆಗಳು ಬೆಚ್ಚಗಾಗುವುದು ಕೊಳವೆಯಲ್ಲಿ ಬರುವ ಗ್ಯಾಸ್‌ನಿಂದ. 1960ರ ದಶಕದ ಕೊನೆಯಿಂದ ಉತ್ತರ ಸಮುದ್ರದ ಅನಿಲ ಧಾರಾಳವಾಗಿ ಸಿಕ್ಕಿದ್ದರಿಂದ ದೇಶವೇ ಅದಕ್ಕೆ ಒಗ್ಗಿಕೊಂಡಿತು. 2000ದ ಸುಮಾರಿಗೆ ಅಲ್ಲಿನ ಉತ್ಪಾದನೆ ತುದಿ ಮುಟ್ಟಿ ಇಳಿಯತೊಡಗಿತು. 2004ರ ಹೊತ್ತಿಗೆ ಬ್ರಿಟನ್ ತಾನು ಮಾರುವುದಕ್ಕಿಂತ ಹೆಚ್ಚು ಗ್ಯಾಸನ್ನು ಹೊರಗಿನಿಂದ ಕೊಳ್ಳುವ ದೇಶವಾಯಿತು. ಗ್ಯಾಸನ್ನು ಕೂಡಿಡುವ ಅತಿ ದೊಡ್ಡ ನೆಲೆಯಾಗಿದ್ದ ರಫ್ ಸಂಗ್ರಹಾಗಾರವನ್ನು 2017ರಲ್ಲಿ ಮುಚ್ಚಲಾಯಿತು. 2021ರ ಬೇಸಿಗೆಯಿಂದಲೇ ಏರುತ್ತಿದ್ದ ಸಗಟು ಬೆಲೆ, 2022ರ ಫೆಬ್ರುವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದ ಮೇಲೆ ಕೈಮೀರಿತು. ವಿದ್ಯುತ್ ಮಾರುಕಟ್ಟೆಯ ದರವನ್ನೂ ಹೆಚ್ಚಿನ ಸಮಯ ಗ್ಯಾಸಿನಿಂದ ನಡೆಯುವ ಸ್ಥಾವರಗಳೇ ನಿಗದಿಪಡಿಸುವುದರಿಂದ, ಎರಡೂ ಬಿಲ್ಲುಗಳು ಜೊತೆಜೊತೆಯಲ್ಲೇ ಏರಿದವು.

ಗ್ಯಾಸ್ ಮತ್ತು ವಿದ್ಯುತ್ ಮಾರುಕಟ್ಟೆಯ ನಿಯಂತ್ರಣ ಸಂಸ್ಥೆಯಾದ ಆಫ್‌ಜೆಮ್ 2019ರ ಜನವರಿಯಿಂದ ಮನೆಬಳಕೆಯ ದರಕ್ಕೆ ಮಿತಿ ಹಾಕುತ್ತಾ ಬಂದಿದೆ. ಸಾಧಾರಣ ಬಳಕೆಯ ಮನೆಯ ವಾರ್ಷಿಕ ಖರ್ಚಿನ ರೂಪದಲ್ಲಿ ಹೇಳುವುದಾದರೆ ಆ ಮಿತಿ 2021ರ ಅಕ್ಟೋಬರಿನಲ್ಲಿ 1,277 ಪೌಂಡ್ ಇತ್ತು, 2022ರ ಏಪ್ರಿಲ್‌ನಲ್ಲಿ 1,971 ಆಯಿತು, ಅದೇ ಅಕ್ಟೋಬರಿಗೆ 3,549 ಆಗಬೇಕಿತ್ತು. ಸರ್ಕಾರ ನಡುವೆ ಬಂದು ಅದನ್ನು 2,500ರಲ್ಲಿ ತಡೆದು, ವ್ಯತ್ಯಾಸವನ್ನು ಬೊಕ್ಕಸದಿಂದ ತುಂಬಿತು. ಜೊತೆಗೆ ಪ್ರತಿ ಮನೆಗೂ ಆರು ಕಂತುಗಳಲ್ಲಿ 400 ಪೌಂಡ್ ಕೊಟ್ಟಿತು. 2025ರ ಕೊನೆಯ ಮೂರು ತಿಂಗಳಿಗೆ ಮಿತಿ 1,755 ಪೌಂಡ್‌ನಲ್ಲಿತ್ತು. ಅಂದರೆ ಬಿರುಗಾಳಿ ನಿಂತಿತ್ತು, ನೀರು ಮಾತ್ರ ಹಳೆಯ ಮಟ್ಟಕ್ಕೆ ಇಳಿದಿರಲಿಲ್ಲ. ಮನೆಯ ಬಜೆಟ್ಟು ನೋಡಿಕೊಳ್ಳುವವರ ಮನಸ್ಸಿನಲ್ಲಿ 2022ರ ಚಳಿಗಾಲದ ಗಾಬರಿ ಇನ್ನೂ ಕೂತಿರುವುದಕ್ಕೆ ಇದೂ ಒಂದು ಕಾರಣ.

ಈ ಮಿತಿಯ ಬಗ್ಗೆ ಇರುವ ತಪ್ಪು ತಿಳಿವಳಿಕೆಯೇ ಎಷ್ಟೋ ಮನೆಗಳ ವಾದಕ್ಕೆ ಮೂಲವಾಗಿದೆ. ಮಿತಿ ಇರುವುದು ಒಂದು ಯೂನಿಟ್ಟಿನ (ಗ್ಯಾಸಿಗೂ ವಿದ್ಯುತ್ತಿಗೂ ಒಂದು ಕಿಲೋವಾಟ್-ಗಂಟೆ) ದರಕ್ಕೆ ಮತ್ತು ಬಳಸಿದರೂ ಬಳಸದಿದ್ದರೂ ದಿನಕ್ಕಿಷ್ಟು ಎಂದು ತೆರಬೇಕಾದ ಸ್ಟ್ಯಾಂಡಿಂಗ್ ಚಾರ್ಜಿಗೆ. ಒಟ್ಟು ಬಿಲ್ಲಿಗೆ ಮಿತಿ ಎಂಬುದೇ ಇಲ್ಲ. ಹೆಚ್ಚು ಉರಿಸಿದವರು ಹೆಚ್ಚು ತೆರುತ್ತಾರೆ. 2022ರ ಸೆಪ್ಟೆಂಬರಿನಲ್ಲಿ ಪ್ರಧಾನಿಯಾಗಿದ್ದ ಲಿಜ್ ಟ್ರಸ್ ಅವರೇ ರೇಡಿಯೊ ಸಂದರ್ಶನಗಳಲ್ಲಿ ಯಾರ ಬಿಲ್ಲೂ 2,500 ಪೌಂಡ್ ದಾಟುವುದಿಲ್ಲ ಎಂಬ ಅರ್ಥ ಬರುವಂತೆ ಮಾತಾಡಿ ಟೀಕೆಗೆ ಗುರಿಯಾದರು. ದೇಶದ ಪ್ರಧಾನಿಯೇ ಎಡವಿದ ಲೆಕ್ಕದಲ್ಲಿ ದಂಪತಿಗಳು ಎಡವಿದರೆ ಆಶ್ಚರ್ಯವೇನು?

ಎರಡನೆಯ ಗೊಂದಲ ಹಣ ಕಟ್ಟುವ ವಿಧಾನದ್ದು. ಹೆಚ್ಚಿನ ಮನೆಗಳು ಡೈರೆಕ್ಟ್ ಡೆಬಿಟ್ ಮೂಲಕ ವರ್ಷದ ಅಂದಾಜು ಖರ್ಚನ್ನು ಹನ್ನೆರಡಾಗಿ ಹಂಚಿ ತಿಂಗಳಿಗಿಷ್ಟು ಎಂದು ಕಟ್ಟುತ್ತವೆ. ಬೇಸಿಗೆಯಲ್ಲಿ ಕಂಪನಿಯ ಬಳಿಯಿರುವ ಖಾತೆಯಲ್ಲಿ ಹಣ ಉಳಿಯುತ್ತದೆ, ಚಳಿಗಾಲದಲ್ಲಿ ಅದು ಕರಗುತ್ತದೆ. ಇದು ಅನುಕೂಲಕರವೇ, ಆದರೆ ಜನವರಿಯ ಉರಿಯ ಲೆಕ್ಕ ಜನವರಿಯ ಕಡಿತದಲ್ಲಿ ಕಾಣುವುದಿಲ್ಲ. ಕಂಪನಿ ಹಳೆಯ ಬಳಕೆಯನ್ನು ನೋಡಿ ಸೆಪ್ಟೆಂಬರಿನಲ್ಲಿ ಕಂತನ್ನು ಏರಿಸಿದರೆ, ಮನೆಯಲ್ಲಿ ಆ ವಾರ ಹೀಟಿಂಗ್ ಹಾಕಿದವರು ಯಾರು ಎಂಬ ಶೋಧ ಶುರುವಾಗುತ್ತದೆ. ಕಾರಣ ಎಂಟು ತಿಂಗಳ ಹಿಂದಿನದು, ಆರೋಪ ಈ ಹೊತ್ತಿನದು.

ಹಾಗಾದರೆ ಒಂದು ಡಿಗ್ರಿಯ ಬೆಲೆ ಎಷ್ಟು? ಆಫ್‌ಜೆಮ್ 2025ರಲ್ಲಿ ಸಾಧಾರಣ ಮನೆಯೆಂದು ಲೆಕ್ಕ ಹಿಡಿದದ್ದು ವರ್ಷಕ್ಕೆ 11,500 ಯೂನಿಟ್ ಗ್ಯಾಸ್ ಮತ್ತು 2,700 ಯೂನಿಟ್ ವಿದ್ಯುತ್ ಬಳಸುವ ಮನೆಯನ್ನು. ಸ್ನಾನದ ನೀರು, ಅಡುಗೆ ಕಳೆದು ಸುಮಾರು 9,000 ಯೂನಿಟ್ ಗ್ಯಾಸ್ ಕೋಣೆಗಳ ಕಾವಿಗೆ ಹೋಗುತ್ತದೆ ಎಂದಿಟ್ಟುಕೊಳ್ಳೋಣ. ಶಾಖ ಹೊರಗೆ ಸೋರುವ ಪ್ರಮಾಣ ಒಳಗಿನ ಮತ್ತು ಹೊರಗಿನ ತಾಪಮಾನದ ಅಂತರಕ್ಕೆ ಅನುಗುಣವಾಗಿರುತ್ತದೆ. ಹೊರಗೆ ಸರಾಸರಿ 7 ಡಿಗ್ರಿ, ಒಳಗೆ 19 ಇದ್ದರೆ ಅಂತರ 12. ಅದರಲ್ಲಿ ಒಂದು ಡಿಗ್ರಿ ಕಡಿಮೆ ಮಾಡಿದರೆ ಉಳಿಯುವುದು ಹನ್ನೆರಡರಲ್ಲಿ ಒಂದು ಪಾಲು, ಅಂದರೆ ಶೇ. 8ರ ಆಸುಪಾಸು, 720 ಯೂನಿಟ್. 2025ರ ಕೊನೆಯ ದರದಲ್ಲಿ ಯೂನಿಟ್ಟಿಗೆ ಸುಮಾರು 6 ಪೆನ್ಸ್‌ನಂತೆ ವರ್ಷಕ್ಕೆ 43 ಪೌಂಡ್. ಹೀಟಿಂಗ್ ಬೇಕಾಗುವ ಏಳು ತಿಂಗಳಿಗೆ ಹಂಚಿದರೆ ದಿನಕ್ಕೆ 20 ಪೆನ್ಸ್. ಗ್ಯಾಸ್ ದರ 10.3 ಪೆನ್ಸ್ ಇದ್ದ 2022ರ ಚಳಿಗಾಲದಲ್ಲಿ ಇದೇ ಲೆಕ್ಕ ವರ್ಷಕ್ಕೆ 74 ಪೌಂಡ್ ಆಗುತ್ತಿತ್ತು. ಕೈ ಬಿಗಿಯಿರುವ ಮನೆಗೆ ಇದು ಸಣ್ಣ ಮೊತ್ತವಲ್ಲ. ಆದರೆ ಪ್ರತಿ ಸಂಜೆ ಇಬ್ಬರು ಮುಖ ತಿರುಗಿಸಿ ಕೂರುವುದು ಈ 20 ಪೆನ್ಸ್‌ಗಾಗಿ ಎಂಬುದು ತಿಳಿದಿದ್ದರೆ ಎಷ್ಟು ಜನ ಹಾಗೆ ಕೂರುತ್ತಾರೆ ಎಂಬ ಅನುಮಾನ ನನಗಿದೆ.

ಲೆಕ್ಕ ಇನ್ನೊಂದು ಬದಿಯಿಂದಲೂ ಕೈಕೊಡುತ್ತದೆ. ಹೀಟಿಂಗ್ ಏರಿಸಲು ಅನುಮತಿ ಸಿಗದ ವ್ಯಕ್ತಿ ಸುಮ್ಮನಿರುವುದಿಲ್ಲ. ಅಂಗಡಿಯಿಂದ ಅಗ್ಗದ ಫ್ಯಾನ್ ಹೀಟರ್ ತಂದು ಕಾಲ ಬಳಿ ಇಟ್ಟುಕೊಳ್ಳುತ್ತಾರೆ. ಎರಡು ಕಿಲೋವಾಟ್‌ನ ಅಂತಹ ಹೀಟರ್, 2025ರ ಕೊನೆಯ ದರದಲ್ಲಿ ಯೂನಿಟ್ಟಿಗೆ ಸುಮಾರು 26 ಪೆನ್ಸ್‌ನ ವಿದ್ಯುತ್ತಿನಲ್ಲಿ ಗಂಟೆಗೆ 52 ಪೆನ್ಸ್ ನುಂಗುತ್ತದೆ. 20ರ ಬದಲು 18ಕ್ಕೆ ಇಳಿಸಿ ಇಡೀ ದಿನದಲ್ಲಿ ಉಳಿಸಿದ 40 ಪೆನ್ಸ್ ಒಂದು ಗಂಟೆಯೊಳಗೇ ಕರಗಿಹೋಗುತ್ತದೆ. ವಿದ್ಯುತ್ತು ಗ್ಯಾಸಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ದುಬಾರಿಯಾಗಿರುವ ದೇಶದಲ್ಲಿ ಥರ್ಮೋಸ್ಟಾಟನ್ನು ಗೆದ್ದವರು ಬಿಲ್ಲಿನಲ್ಲಿ ಸೋತಿರುವ ಸಾಧ್ಯತೆಯೇ ಹೆಚ್ಚು. ಅದೇ 100 ವಾಟ್‌ನ ವಿದ್ಯುತ್ ಕಂಬಳಿಯಾದರೆ ಗಂಟೆಗೆ ಮೂರು ಪೆನ್ಸೂ ಆಗುವುದಿಲ್ಲ. 2022ರ ನಂತರ ಬ್ರಿಟನ್ನಿನಲ್ಲಿ ಮನೆಯ ಬದಲು ಮನುಷ್ಯನನ್ನು ಬೆಚ್ಚಗಿಡಿ ಎಂಬ ಸಲಹೆ ಹೊಸ ವಿವೇಕವೆಂಬಂತೆ ಹರಡಿತು. ಬಚ್ಚಲೊಲೆಯ ಮುಂದೆ ಕೂತು ಬೆಳೆದವರಿಗೆ ಅದು ಹೊಸದಾಗಿ ಕಂಡಿರಲಾರದು.

ಇನ್ನು ದೇಹದ ವಿಷಯಕ್ಕೆ ಬಂದರೆ, ಒಂದೇ ಕೋಣೆಯಲ್ಲಿ ಒಬ್ಬರಿಗೆ ಸೆಖೆ ಇನ್ನೊಬ್ಬರಿಗೆ ಚಳಿ ಆಗುವುದು ನಟನೆಯಲ್ಲ. ಕಟ್ಟಡಗಳ ಒಳಗಿನ ಹಿತವಾದ ತಾಪಮಾನವನ್ನು ಲೆಕ್ಕ ಹಾಕುವ ಸೂತ್ರವನ್ನು ಡೆನ್ಮಾರ್ಕಿನ ಓಲೆ ಫ್ಯಾಂಗರ್ 1970ರ ಹೊತ್ತಿಗೆ ರೂಪಿಸಿದರು. ಇಂದಿಗೂ ಕಚೇರಿಗಳ ಮಾನದಂಡಗಳು ಅದರ ಮೇಲೇ ನಿಂತಿವೆ. ಆ ಲೆಕ್ಕದಲ್ಲಿ ಬಳಸುವ, ದೇಹ ತಾನಾಗಿ ಹುಟ್ಟಿಸುವ ಶಾಖದ ಪ್ರಮಾಣವನ್ನು ಸರಾಸರಿ ಗಂಡಸೊಬ್ಬನನ್ನು ಮುಂದಿಟ್ಟುಕೊಂಡು ನಿಗದಿ ಮಾಡಲಾಗಿತ್ತು. ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ಬೋರಿಸ್ ಕಿಂಗ್ಮಾ ಮತ್ತು ಅವರ ಸಹೋದ್ಯೋಗಿ 2015ರಲ್ಲಿ ಪ್ರಕಟಿಸಿದ ಅಧ್ಯಯನವು, ಹಗುರ ಕಚೇರಿ ಕೆಲಸದಲ್ಲಿರುವ ಯುವತಿಯರ ದೇಹ ಹುಟ್ಟಿಸುವ ಶಾಖ ಆ ಪ್ರಮಾಣಕ್ಕಿಂತ ಗಮನಾರ್ಹವಾಗಿ ಕಡಿಮೆ ಎಂದು ತೋರಿಸಿತು. ಅದರಲ್ಲಿ ಭಾಗವಹಿಸಿದ್ದವರು ಕೇವಲ 16 ಮಂದಿ ಎಂಬುದನ್ನೂ ಹೇಳಬೇಕು; ಪತ್ರಿಕೆಗಳ ತಲೆಬರಹಗಳು ಹೇಳಿದಷ್ಟು ದೊಡ್ಡ ತೀರ್ಮಾನಕ್ಕೆ ಅದೊಂದೇ ಸಾಲದು. ಆದರೂ ದಿಕ್ಕು ಸ್ಪಷ್ಟವಾಗಿದೆ. ಮೈಯ ಗಾತ್ರ, ಸ್ನಾಯುಗಳ ಪ್ರಮಾಣ, ವಯಸ್ಸು, ಕೂತು ಮಾಡುವ ಕೆಲಸವೋ ಓಡಾಡುವ ಕೆಲಸವೋ ಎಂಬುದು, ಇವೆಲ್ಲ ಸೇರಿ ಒಬ್ಬೊಬ್ಬರ ಹಿತದ ಅಂಕಿಯನ್ನು ಬೇರೆ ಮಾಡುತ್ತವೆ. ಗಂಡನಿಗೇ ಹೆಚ್ಚು ಚಳಿಯಾಗುವ ಮನೆಗಳೂ ಧಾರಾಳವಾಗಿವೆ.

ನಮ್ಮವರ ಮಟ್ಟಿಗೆ ಇಲ್ಲೊಂದು ಸೂಕ್ಷ್ಮವಿದೆ. ರಕ್ತಹೀನತೆಯಿಂದ, ಥೈರಾಯ್ಡ್ ಕುಂದಿದ್ದರಿಂದ ಚಳಿ ತಡೆಯದಂತಾಗುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆಯಿತ್ತು. ಕೈಕಾಲು ಸದಾ ತಣ್ಣಗಿರುತ್ತದೆ, ಸುಸ್ತು ಬಿಡುವುದಿಲ್ಲ ಎನ್ನುವವರಿಗೆ ಥರ್ಮೋಸ್ಟಾಟಿನ ವಾದಕ್ಕಿಂತ ಮೊದಲು ಬೇಕಾಗಿರುವುದು ಒಂದು ರಕ್ತಪರೀಕ್ಷೆ. 'ಇನ್ನೊಂದು ಸ್ವೆಟರ್ ಹಾಕಿಕೋ' ಎಂಬುದು ಅಂಥವರಿಗೆ ಉತ್ತರವಾಗುವುದಿಲ್ಲ.

ಇಬ್ಬರೂ ನಿಜವನ್ನೇ ಹೇಳುತ್ತಿರುವ ಸಂದರ್ಭಗಳಲ್ಲಿ ನಡುವೆ ಬಂದು ಗೊಂದಲ ಮಾಡುವುದು ಗೋಡೆ. ನಮ್ಮ ಮೈ ಚಳಿಯನ್ನು ಅಳೆಯುವುದು ಗಾಳಿಯ ತಾಪಮಾನದಿಂದ ಮಾತ್ರವಲ್ಲ. ಸುತ್ತಲಿನ ಗೋಡೆ, ಕಿಟಕಿ, ನೆಲ ತಣ್ಣಗಿದ್ದರೆ ಮೈಯ ಶಾಖ ಅತ್ತ ಹರಿದುಹೋಗುತ್ತದೆ. ನಿಂತ ಗಾಳಿಯ ಕೋಣೆಯಲ್ಲಿ ನಮಗೆ ಅನುಭವಕ್ಕೆ ಬರುವ ತಾಪಮಾನ ಗಾಳಿಯದ್ದರ ಮತ್ತು ಸುತ್ತಲಿನ ಮೇಲ್ಮೈಗಳದ್ದರ ಸರಾಸರಿಗೆ ಹತ್ತಿರವಿರುತ್ತದೆ. ಗಾಳಿ 20 ಡಿಗ್ರಿಯಿದ್ದು ಗೋಡೆಗಳು 14 ಇದ್ದರೆ ಮೈಗೆ ತಿಳಿಯುವುದು 17. ಬ್ರಿಟನ್ನಿನ ಮನೆಗಳು ಯುರೋಪಿನಲ್ಲೇ ಅತಿ ಹಳೆಯವುಗಳ ಸಾಲಿನವು; ಮೂರರಲ್ಲಿ ಒಂದಕ್ಕೂ ಹೆಚ್ಚು ಮನೆಗಳು ಎರಡನೆಯ ಮಹಾಯುದ್ಧ ಮುಗಿಯುವ ಮೊದಲು ಕಟ್ಟಿದವು. ವಿಕ್ಟೋರಿಯಾ ಕಾಲದ ಸಾಲುಮನೆಗಳಿಗೆ ಇರುವುದು ನಡುವೆ ಪೊಳ್ಳಿಲ್ಲದ ಗಟ್ಟಿ ಇಟ್ಟಿಗೆ ಗೋಡೆ. ಅದರ ಒಳಗೆ ಶಾಖ ತಡೆಯುವ ಪದಾರ್ಥ ತುಂಬಲು ಜಾಗವೇ ಇರುವುದಿಲ್ಲ. ಥರ್ಮೋಸ್ಟಾಟ್ ಇರುವುದು ಕಿಟಕಿಯಿಲ್ಲದ ಹಜಾರದಲ್ಲಿ. ಅದು 20 ಎಂದು ತೋರಿಸುತ್ತಿರುತ್ತದೆ. ಒಲೆಯ ಮುಂದೆ ನಿಂತು ಚಪಾತಿ ಸುಡುತ್ತಿರುವವರಿಗೆ ಬೆವರು, ಮುಂಗೋಣೆಯ ಕಿಟಕಿಯ ಪಕ್ಕ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತವರಿಗೆ ನಡುಕ. 'ಇಪ್ಪತ್ತಿದೆ ನೋಡು' ಎಂದು ಅಂಕಿ ತೋರಿಸುವವರು ಸುಳ್ಳು ಹೇಳುತ್ತಿಲ್ಲ, ನಡುಗುವವರೂ ಸುಳ್ಳು ಹೇಳುತ್ತಿಲ್ಲ. ದಪ್ಪನೆಯ ಪರದೆ, ಬಾಗಿಲ ಸಂದಿಗೆ ಒಂದು ಪಟ್ಟಿ, ಕುರ್ಚಿಯನ್ನು ಹೊರಗೋಡೆಯಿಂದ ಒಳಗೋಡೆಗೆ ಸರಿಸುವುದು, ಇಷ್ಟರಿಂದ ಒಂದು ಡಿಗ್ರಿಯ ಜಗಳ ಎಷ್ಟೋ ಸಲ ತೀರುತ್ತದೆ.

ಯಂತ್ರದ ಬಗೆಗಿನ ನಂಬಿಕೆಗಳೂ ದಂಪತಿಗಳಲ್ಲಿ ಒಂದೇ ಆಗಿರುವುದಿಲ್ಲ. ಅಮೆರಿಕದ ಮಾನವಶಾಸ್ತ್ರಜ್ಞ ವಿಲೆಟ್ ಕೆಂಪ್ಟನ್ ಮಿಶಿಗನ್‌ನ ಮನೆಗಳವರನ್ನು ಮಾತಾಡಿಸಿ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರ ತಲೆಯಲ್ಲಿ ಥರ್ಮೋಸ್ಟಾಟಿನ ಎರಡು ಚಿತ್ರಗಳಿರುವುದನ್ನು ಗುರುತಿಸಿದರು. ಕೆಲವರಿಗೆ ಅದು ಗುರಿ ಮುಟ್ಟಿದ ಕೂಡಲೇ ತಾನಾಗಿ ನಿಲ್ಲುವ ಸ್ವಿಚ್ಚು. ಇನ್ನು ಕೆಲವರಿಗೆ ಅದು ನಲ್ಲಿಯಂತೆ, ಹೆಚ್ಚು ತಿರುಗಿಸಿದಷ್ಟೂ ಹೆಚ್ಚು ಶಾಖ ಸುರಿಯುತ್ತದೆ. ಸಾಮಾನ್ಯ ಗ್ಯಾಸ್ ಬಾಯ್ಲರಿನ ಮಟ್ಟಿಗೆ ಮೊದಲನೆಯದೇ ಸರಿ. 25ಕ್ಕೆ ತಿರುಗಿಸಿದರೆ ಕೋಣೆ ಬೇಗ ಬಿಸಿಯಾಗುವುದಿಲ್ಲ, ನಿಲ್ಲುವುದು ಮಾತ್ರ ತಡವಾಗುತ್ತದೆ. ಹೊರಗಿನಿಂದ ನಡುಗುತ್ತಾ ಬಂದು 25ಕ್ಕೆ ತಿರುಗಿಸುವವರು ಹಣ ಪೋಲು ಮಾಡುವ ಉದ್ದೇಶದವರಲ್ಲ. ನಲ್ಲಿಯನ್ನು ಜೋರಾಗಿ ಬಿಡುತ್ತಿದ್ದೇವೆ ಎಂದು ನಂಬಿದವರು. ಇಡೀ ದಿನ ಸಣ್ಣಗೆ ಉರಿಸುತ್ತಲೇ ಇದ್ದರೆ ಅಗ್ಗ ಎಂಬ ಇನ್ನೊಂದು ನಂಬಿಕೆಯೂ ಬಲವಾಗಿದೆ. ಗ್ಯಾಸ್ ಬಾಯ್ಲರಿನ ಮನೆಯಲ್ಲಿ ಇದು ಸಾಮಾನ್ಯವಾಗಿ ತಪ್ಪು, ಏಕೆಂದರೆ ಬೆಚ್ಚಗಿರುವಷ್ಟು ಹೊತ್ತೂ ಮನೆ ಸೋರುತ್ತಲೇ ಇರುತ್ತದೆ. ಹೊರಗಿನ ಶಾಖವನ್ನು ವಿದ್ಯುತ್ತಿನ ಬಲದಿಂದ ಒಳಗೆ ತರುವ ಹೀಟ್ ಪಂಪ್ ಇರುವ ಮನೆಯಲ್ಲಿ ಲೆಕ್ಕ ಬೇರೆ. ಅದು ನಿಧಾನವಾಗಿ, ಕಡಿಮೆ ಬಿಸಿಯ ನೀರಿನಲ್ಲಿ, ಹೆಚ್ಚು ಹೊತ್ತು ಓಡಿದಾಗಲೇ ಮಿತವ್ಯಯಿ.

ಬಾಯ್ಲರಿನಿಂದ ರೇಡಿಯೇಟರುಗಳಿಗೆ ಹೋಗುವ ನೀರಿನ ಬಿಸಿಯ ಬಗ್ಗೆ ಜಗಳವಾಡಿದ ದಂಪತಿಗಳನ್ನು ನಾನು ಕಂಡಿಲ್ಲ. ನಿಜವಾದ ಉಳಿತಾಯ ಅಡಗಿರುವ ಜಾಗಗಳಲ್ಲಿ ಅದೂ ಒಂದು. ಇಂಗ್ಲೆಂಡಿನಲ್ಲಿ 2005ರಿಂದ ಹೊಸದಾಗಿ ಕೂರಿಸುವ ಗ್ಯಾಸ್ ಬಾಯ್ಲರುಗಳು ಕಂಡೆನ್ಸಿಂಗ್ ಬಗೆಯವೇ ಆಗಿರಬೇಕೆಂಬ ನಿಯಮವಿದೆ. ಹೊಗೆಯಲ್ಲಿರುವ ಆವಿಯನ್ನು ತಣಿಸಿ ಅದರ ಶಾಖವನ್ನೂ ಹಿಂದಕ್ಕೆ ಪಡೆಯುವುದು ಅವುಗಳ ಗುಟ್ಟು; ಆದರೆ ರೇಡಿಯೇಟರುಗಳನ್ನು ಸುತ್ತಿ ಮರಳುವ ನೀರು ಸುಮಾರು 55 ಡಿಗ್ರಿಗಿಂತ ಕೆಳಗಿದ್ದರೆ ಮಾತ್ರ ಆ ಗುಟ್ಟು ಕೆಲಸ ಮಾಡುತ್ತದೆ. ಎಷ್ಟೋ ಮನೆಗಳಲ್ಲಿ ಹೊರಡುವ ನೀರನ್ನೇ 75, 80ಕ್ಕೆ ಇಟ್ಟಿರುತ್ತಾರೆ. ಬಿಸಿನೀರಿನ ತೊಟ್ಟಿಯಿಲ್ಲದ ಕಾಂಬಿ ಬಾಯ್ಲರಿನಲ್ಲಿ ಅದನ್ನು 60ಕ್ಕೆ ಇಳಿಸಿದರೆ, ಕೋಣೆ ಸ್ವಲ್ಪ ನಿಧಾನವಾಗಿ ಬೆಚ್ಚಗಾಗುತ್ತದೆಯೇ ಹೊರತು ತಲುಪುವ ಡಿಗ್ರಿ ಅದೇ ಆಗಿರುತ್ತದೆ, ಗ್ಯಾಸ್ ಕಡಿಮೆ ಉರಿಯುತ್ತದೆ. ತೊಟ್ಟಿ ಇರುವ ಮನೆಯಲ್ಲಿ ಹೀಗೆ ಮಾಡಬಾರದು. ತೊಟ್ಟಿಯ ನೀರು ಸಾಕಷ್ಟು ಬಿಸಿಯಾಗದಿದ್ದರೆ ಲೀಜಿಯನೆಲ್ಲಾ ರೋಗಾಣುವಿನ ಭಯವಿದೆ.

2020ರ ನಂತರ ಮನೆಯಿಂದ ಕೆಲಸ ಮಾಡುವ ಪದ್ಧತಿ ಬೆಳೆದ ಮೇಲೆ ಈ ತಕರಾರಿಗೆ ಹೊಸ ಅಂಚು ಬಂದಿದೆ. ಹಗಲಿನ ಎಂಟು ಗಂಟೆ ಬೆಚ್ಚಗಿಡುವ ಖರ್ಚು ಮೊದಲು ಕಚೇರಿಯದಾಗಿತ್ತು, ಈಗ ಮನೆಯದಾಗಿದೆ. ಕಚೇರಿಗೆ ಹೋಗುವವರಿಗೆ ಹಗಲಿನ ಚಳಿ ಗೊತ್ತಾಗುವುದಿಲ್ಲ. ಸಂಜೆ ಬಂದು ಅಡುಗೆಮನೆಯ ಸ್ಮಾರ್ಟ್ ಮೀಟರಿನ ಪುಟ್ಟ ಪರದೆಯ ಮೇಲೆ ಕೆಂಪು ದೀಪವನ್ನೂ ಆ ದಿನದ ಮೊತ್ತವನ್ನೂ ನೋಡುತ್ತಾರೆ. ಬಳಕೆಯನ್ನು ಕಣ್ಣಿಗೆ ಕಾಣಿಸಿದರೆ ಜನ ಮಿತವಾಗಿ ಬಳಸುತ್ತಾರೆ ಎಂಬ ಆಶಯದಿಂದ ಆ ಪರದೆಯನ್ನು ಕೊಡಲಾಯಿತು. ಎಷ್ಟು ಎಂಬುದನ್ನು ಅದು ತೋರಿಸುತ್ತದೆ. ಯಾರಿಗಾಗಿ, ಏತಕ್ಕಾಗಿ ಎಂಬುದನ್ನು ತೋರಿಸುವುದಿಲ್ಲ. ಮಗುವಿನ ಸ್ನಾನಕ್ಕೆ ಬೆಚ್ಚಗಿಟ್ಟ ಕೋಣೆಯೂ ಮರೆತು ಬಿಟ್ಟ ರೇಡಿಯೇಟರೂ ಅಲ್ಲಿ ಒಂದೇ ಬಣ್ಣದ ದೀಪ. ಎಳೆಗೂಸನ್ನು ಇಟ್ಟುಕೊಂಡು ಮನೆಯಲ್ಲಿರುವ ತಾಯಿಯೋ, ಊರಿನಿಂದ ಬಂದು ಆರು ತಿಂಗಳು ಜೊತೆಗಿರುವ ಅತ್ತೆಯೋ ಆ ಪರದೆಯ ಮುಂದೆ ಕೈಕಟ್ಟಿ ನಿಲ್ಲುವ ಸ್ಥಿತಿ ಹಾಸ್ಯದ ವಸ್ತುವಲ್ಲ.

ಇಲ್ಲಿ ಒಂದು ಗೆರೆಯನ್ನು ಸ್ಪಷ್ಟವಾಗಿ ಎಳೆಯಬೇಕು. ಇಬ್ಬರೂ ಗುಂಡಿಯನ್ನು ತಿರುಗಿಸಬಹುದಾದ ಮನೆಯಲ್ಲಿ ನಡೆಯುವುದು ಜಗಳ. ಒಬ್ಬರಿಗೆ ಮಾತ್ರ ತಿರುಗಿಸುವ ಅಧಿಕಾರವಿದ್ದು, ಇನ್ನೊಬ್ಬರು ಚಳಿಯಲ್ಲಿ ಕೂತು ಅನುಮತಿ ಕೇಳಬೇಕಾದ ಮನೆಯಲ್ಲಿ ನಡೆಯುವುದು ಬೇರೆಯೇ. ಮೊಬೈಲಿನಿಂದ ನಿಯಂತ್ರಿಸುವ ಸ್ಮಾರ್ಟ್ ಥರ್ಮೋಸ್ಟಾಟುಗಳು ಬಂದ ಮೇಲೆ ಊರಾಚೆಯ ಕಚೇರಿಯಲ್ಲಿ ಕೂತು ಮನೆಯ ಕಾವನ್ನು ಇಳಿಸುವುದೂ ಸಾಧ್ಯವಾಗಿದೆ. ಗೃಹಹಿಂಸೆಗೆ ಒಳಗಾದವರ ಪರ ಕೆಲಸ ಮಾಡುವವರು ಇದನ್ನು ಎಚ್ಚರಿಕೆಯಿಂದ ನೋಡುತ್ತಿದ್ದಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸಂಗಾತಿಯ ಮೇಲಿನ ದಬ್ಬಾಳಿಕೆಯ ನಿಯಂತ್ರಣವನ್ನು 2015ರ ಕಾನೂನು ಅಪರಾಧವೆಂದು ಘೋಷಿಸಿದೆ. 2021ರ ಗೃಹಹಿಂಸಾ ಕಾಯ್ದೆ ಆರ್ಥಿಕ ದೌರ್ಜನ್ಯವನ್ನೂ ಹಿಂಸೆಯ ವ್ಯಾಖ್ಯೆಯೊಳಗೆ ತಂದಿದೆ. ಡಿಗ್ರಿಯ ತಕರಾರೆಲ್ಲ ಅಪರಾಧವೆಂದು ಇದರ ಅರ್ಥವಲ್ಲ. ಆದರೆ ಗಂಡಸರ ಥರ್ಮೋಸ್ಟಾಟ್ ಪ್ರೇಮದ ಬಗ್ಗೆ ಹರಿದಾಡುವ ನಗೆಚಟಾಕಿಗಳ ಹಿಂದೆ ಕೆಲವೊಮ್ಮೆ ಏನಿರುತ್ತದೆ ಎಂಬುದು ತಿಳಿದಿರಬೇಕು, ವಿಶೇಷವಾಗಿ ಅವಲಂಬಿತ ವೀಸಾದ ಮೇಲೆ ಬಂದು, ಸ್ವಂತ ಆದಾಯವಿಲ್ಲದೆ, ಹೊಸ ಊರಿನಲ್ಲಿ ಹಗಲೆಲ್ಲ ಮನೆಯಲ್ಲಿರುವವರ ವಿಷಯದಲ್ಲಿ.

ಉಳಿತಾಯಕ್ಕೂ ಒಂದು ತಳವಿದೆ. ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಶೀತಕಾಲದಲ್ಲಿ ಮನೆಯೊಳಗೆ 18 ಡಿಗ್ರಿಯನ್ನು ಸುರಕ್ಷಿತ ಕನಿಷ್ಠವೆಂದು ಹೇಳಿದೆ. ಹಸುಗೂಸುಗಳು, ವಯಸ್ಸಾದವರು, ಹೃದಯ ಮತ್ತು ಶ್ವಾಸಕೋಶದ ಕಾಯಿಲೆಯವರು ಇರುವಲ್ಲಿ ಇನ್ನೂ ಹೆಚ್ಚು ಬೇಕಾಗಬಹುದು. ಅದಕ್ಕಿಂತ ಕೆಳಗೆ ಇಳಿಸಿದ ಮನೆಯಲ್ಲಿ ತೇವವೂ ಕಾಡುತ್ತದೆ. ಕುಕ್ಕರಿನ ಆವಿ, ಸ್ನಾನದ ಆವಿ, ರೇಡಿಯೇಟರ್ ಮೇಲೆ ಹರವಿದ ಒದ್ದೆ ಬಟ್ಟೆಯ ನೀರು, ಎಲ್ಲವೂ ತಣ್ಣನೆಯ ಮೂಲೆಗೋಡೆಯ ಮೇಲೆ ಹನಿಯಾಗಿ ಕೂತು ಕಪ್ಪು ಬೂಷ್ಟು ಹಿಡಿಯುತ್ತದೆ. ರಾಚ್‌ಡೇಲ್‌ನಲ್ಲಿ 2020ರ ಡಿಸೆಂಬರಿನಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು ಮನೆಯ ಬೂಷ್ಟಿನಿಂದ ಉಸಿರಾಟದ ಕಾಯಿಲೆಯಾಗಿ ತೀರಿಕೊಂಡಿತು. ಆ ಮಗುವಿನ ಹೆಸರಿನಲ್ಲಿ ಬಂದ ನಿಯಮಗಳು ಸಾಮಾಜಿಕ ವಸತಿಯ ಮನೆಮಾಲೀಕರನ್ನು, ಅಂದರೆ ಕಡಿಮೆ ಬಾಡಿಗೆಗೆ ಮನೆ ಕೊಡುವ ಸಂಸ್ಥೆಗಳನ್ನು, 2025ರ ಅಕ್ಟೋಬರಿನಿಂದ ಇಂಥ ತೇವ, ಬೂಷ್ಟನ್ನು ಸರಿಪಡಿಸುವುದಕ್ಕೆ ಹೊಣೆಗಾರರನ್ನಾಗಿ ಮಾಡಿವೆ. ಬೂಷ್ಟು ಕಂಡಾಗಲೆಲ್ಲ ನೀವು ಕಿಟಕಿ ತೆರೆಯುವುದಿಲ್ಲ, ನಿಮ್ಮ ಅಡುಗೆಯೇ ಹಾಗೆ ಎಂದು ಬಾಡಿಗೆದಾರರ ಮೇಲೆ ತಪ್ಪು ಹೊರಿಸುವ ರೂಢಿಯನ್ನು ಆ ಪ್ರಕರಣ ಅಲುಗಾಡಿಸಿತು.

ಕೊನೆಗೂ ವಾದ ತೀರಬೇಕಾದರೆ ಸಾಕ್ಷ್ಯ ಬೇಕು, ಅದು ಮನೆಯಲ್ಲೇ ಸಿಗುತ್ತದೆ. ಒಂದು ವಾರ 19, ಮುಂದಿನ ವಾರ 20 ಎಂದು ಒಪ್ಪಿ, ಎರಡೂ ವಾರಗಳ ಆರಂಭದಲ್ಲೂ ಕೊನೆಯಲ್ಲೂ ಗ್ಯಾಸ್ ಮೀಟರಿನ ಅಂಕಿಯನ್ನು ಇಬ್ಬರೂ ಒಟ್ಟಿಗೆ ನಿಂತು ಬರೆದುಕೊಳ್ಳಲಿ. ಮೀಟರ್ ಘನ ಮೀಟರಿನಲ್ಲಿದ್ದರೆ ಒಂದು ಘನ ಮೀಟರಿಗೆ ಸುಮಾರು 11 ಯೂನಿಟ್. ಹೊರಗಿನ ಚಳಿ ಎರಡೂ ವಾರ ಒಂದೇ ಇರುವುದಿಲ್ಲ, ಆದ್ದರಿಂದ ಒಂದು ಸಲದ ಫಲಿತಾಂಶವನ್ನು ನಂಬಬಾರದು. ಅದಲು ಬದಲು ಮಾಡಿ ಎರಡು ಮೂರು ಸಲ ನೋಡಬೇಕು. ಬಳಸದ ಕೋಣೆಯ ರೇಡಿಯೇಟರಿನ ವಾಲ್ವನ್ನು ಕಡಿಮೆ ಮಾಡಿ, ಕೂರುವ ಕೋಣೆಯದನ್ನು ಹಾಗೇ ಬಿಟ್ಟರೆ, 'ಮನೆಗೆ ಎಷ್ಟು ಡಿಗ್ರಿ' ಎಂಬ ಪ್ರಶ್ನೆಯ ಜಾಗಕ್ಕೆ 'ಯಾವ ಕೋಣೆಗೆ, ಯಾವ ಹೊತ್ತಿಗೆ' ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಗೆ ಇಬ್ಬರೂ ಒಪ್ಪುವ ಉತ್ತರ ಸಿಗುವುದು ಸುಲಭ.

ಆದರೂ ದಂಪತಿಗಳು ಎಷ್ಟೇ ಜಾಣರಾದರೂ ಅವರ ಕೈಗೆ ಎಟುಕದ ಪಾಲು ದೊಡ್ಡದಿದೆ. ಗ್ಯಾಸು, ವಿದ್ಯುತ್ತು ಎರಡರ ಸ್ಟ್ಯಾಂಡಿಂಗ್ ಚಾರ್ಜ್ ಸೇರಿ 2025ರ ಕೊನೆಯಲ್ಲಿ ದಿನಕ್ಕೆ 87 ಪೆನ್ಸ್ ದಾಟಿತ್ತು. ಒಂದು ದೀಪ ಹಚ್ಚದಿದ್ದರೂ ವರ್ಷಕ್ಕೆ ಸುಮಾರು 320 ಪೌಂಡ್. ಬಾಡಿಗೆ ಮನೆಯವರು ಗೋಡೆಗೆ ಹೊದಿಕೆ ಹಾಕಿಸಲಾರರು, ಬಾಯ್ಲರ್ ಬದಲಿಸಲಾರರು. ಕೆಲಸದ ವೀಸಾದ ಮೇಲಿರುವವರಿಗೆ ಸರ್ಕಾರಿ ನೆರವು ಪಡೆಯುವ ಹಕ್ಕಿಲ್ಲದ ಕಾರಣ, ಆ ನೆರವಿಗೆ ಕಟ್ಟಿಹಾಕಿರುವ 150 ಪೌಂಡಿನ ವಾರ್ಮ್ ಹೋಮ್ ಡಿಸ್ಕೌಂಟ್ ಎಂಬ ಬಿಲ್ಲಿನ ರಿಯಾಯಿತಿ ಸಾಮಾನ್ಯವಾಗಿ ಸಿಗುವುದಿಲ್ಲ. ಅಂಥ ಮನೆಯಲ್ಲಿ ಉಳಿಯುವ ಒಂದೇ ಸ್ವಾತಂತ್ರ್ಯವೆಂದರೆ ಆ ಗುಂಡಿ. ಸಿಟ್ಟೆಲ್ಲ ಅದರ ಮೇಲೇ ಬೀಳುವುದು ಸಹಜ.

2025ರ ನವೆಂಬರಿನ ಬಜೆಟ್ಟಿನಲ್ಲಿ ಹಣಕಾಸು ಸಚಿವೆ ರೇಚಲ್ ರೀವ್ಸ್ 2026ರ ಏಪ್ರಿಲ್‌ನಿಂದ ಬಿಲ್ಲುಗಳಲ್ಲಿ ಸರಾಸರಿ 150 ಪೌಂಡ್ ಇಳಿಸುವುದಾಗಿ ಪ್ರಕಟಿಸಿದರು. ನಮ್ಮ ಲೆಕ್ಕದಲ್ಲಿ ಅದು ಮೂರೂವರೆ ಡಿಗ್ರಿಗೆ ಸಮ. ಹಳೆಯ ನವೀಕರಿಸಬಹುದಾದ ಇಂಧನ ಯೋಜನೆಯೊಂದರ ವೆಚ್ಚದ ಹೆಚ್ಚಿನ ಪಾಲನ್ನು ಬಿಲ್ಲಿನಿಂದ ತೆರಿಗೆಗೆ ವರ್ಗಾಯಿಸಿ, ಬಿಲ್ಲುಗಳ ಮೂಲಕವೇ ಹಣ ಕೂಡಿಸಿ ಬಡವರ ಮನೆಗಳಿಗೆ ಶಾಖ ತಡೆಯುವ ಹೊದಿಕೆ ಹಾಕಿಸುತ್ತಿದ್ದ ಇಕೋ ಎಂಬ ಯೋಜನೆಯನ್ನು ಕೈಬಿಟ್ಟು ಈ ಇಳಿಕೆಯನ್ನು ಹೊಂದಿಸಲಾಗಿದೆ. ಆ ಯೋಜನೆಯಡಿ ನಡೆದ ಕಳಪೆ ಕೆಲಸದ ಬಗ್ಗೆ ದೂರುಗಳಿದ್ದವು ನಿಜ. ಮನೆಗಳ ಸುಧಾರಣೆಗೆ ಬೊಕ್ಕಸದಿಂದ ಬೇರೆ ಹಣ ಕೊಡುವುದಾಗಿ ಸರ್ಕಾರ ಹೇಳಿರುವುದೂ ನಿಜ. ಆ ಹಣ ಮನೆ ಮನೆಗೆ ಮುಟ್ಟುವವರೆಗೆ ಬಿಲ್ಲು ಇಳಿದಿರುತ್ತದೆ, ಗೋಡೆ ಮೊದಲಿನಂತೆಯೇ ಸೋರುತ್ತಿರುತ್ತದೆ.